ಳ ಮುಗಿದ ದಿನ

ಆಲೂಗೆಡ್ಡೆ ಮಂಡಿಯಲ್ಲಿ ತೂಕ ಬರೆಯುವ ತೋಪೇಗೌಡರು
ಸಂಜೆ ಐದರ ಮೇಲೆ ಅಗ್ನಿಧ್ವಜ.
ತಿಂಗಳಿಗೊಂದು ಕಾದಂಬರಿ, ನೂರಾ ನಲವತ್ತು ಪುಟ.
ರಕ್ಷಾಪುಟದಲ್ಲಿ ಹಾವು, ಹೆಂಗಸು, ಕತ್ತಿ;
ಒಂದೊಂದು ಸಲ ಬ್ಲಾಕು ಹಳೆಯದೇ,
ಹಾವಿನ ಬಣ್ಣ ಮಾತ್ರ ಬೇರೆ.

ಹಾಸನದ ಹಳೇ ಬಸ್‌ಸ್ಟ್ಯಾಂಡಿನ ಹಿಂದೆ ನಮ್ಮ ಪ್ರೆಸ್ಸು.
ನಾನು ಮೊಳೆ ಜೋಡಿಸುವವಳು.
ಅಧ್ಯಾಯ ಮುಗಿದು ಅರ್ಧ ಪುಟ ಉಳಿದರೆ
ಓನರಿಗೆ ಹೊಟ್ಟೆ ಉರಿ, ಕಾಗದ ದಂಡ ಅಂತ.
ಗೌಡರಿಗೆ ಹೇಳಿಕಳಿಸುತ್ತಿದ್ದರು.
"ಫಿಲೋಮಿನಾ, ಎಷ್ಟು ಸಾಲು ಖಾಲಿ?"
"ನಾಲ್ಕು, ಸಾರ್."
ಮಣ್ಣು ಮೆತ್ತಿದ ಬೆರಳಲ್ಲಿ, ತೂಕದ ಚೀಟಿಯ ಬೆನ್ನಿಗೆ
ನಿಂತಲ್ಲೇ ಬರೆದು ಕೊಡುತ್ತಿದ್ದರು
ಚಿಲ್ಲರೆ ಎಣಿಸಿ ಕೊಟ್ಟ ಹಾಗೆ.

ಅವನ್ನು ಯಾರೂ ಓದುತ್ತಿರಲಿಲ್ಲ.
ದಿನಕ್ಕೆ ಹತ್ತು ಪೈಸೆ ಬಾಡಿಗೆ ಕೊಟ್ಟವರು
ಪದ್ಯ ದಾಟಿ ನೇರ ಗುಹೆಗೆ ಹೋಗುತ್ತಿದ್ದರು.
ನಾನು ದಾಟುವ ಹಾಗಿರಲಿಲ್ಲ.
ಒಂದೊಂದೇ ಅಕ್ಷರ, ತಲೆಕೆಳಗು, ಎಡಬಲ ಅದಲುಬದಲು:
ಕನ್ನಡಿಯೊಳಗಿನವರು ಓದುವ ಹಾಗೆ ಓದಿದೆ.

ಎಲ್ಲವೂ ಚಿನ್ನವಲ್ಲ, ಹೇಳಿಬಿಡುತ್ತೇನೆ.
ಚಂದ್ರನನ್ನು ಬೆಳ್ಳಿ ತಟ್ಟೆ ಅಂದದ್ದು ನಲವತ್ತೊಂದು ಸಲ;
ಎಣಿಸಿದ್ದು ಈ ಬೆರಳೇ.
ಆದರೆ ಊರ ರಾಕ್ಷಸರೆಲ್ಲ ಗರ್ಜಿಸುವಾಗ
ಇವರ ರಾಕ್ಷಸ ಕೆಮ್ಮುತ್ತಿದ್ದ.
ಮಾಟಗಾತಿಗೆ ಮಂಡಿನೋವು.
ಸಾವಿರ ವರ್ಷ ನಿಧಿ ಕಾದ ಸರ್ಪ
ಕೊನೆಗೆ ರಾಜಕುಮಾರನನ್ನು ಕೇಳಿತು:
ಇದರಲ್ಲಿ ನನಗೆಷ್ಟು?
ಕೋಟೆಯ ನೆಲಮಾಳಿಗೆ ಒಂದಿತ್ತು,
'ಬಿತ್ತನೆಯ ಗೆಡ್ಡೆಯೊಲು ಮೈಯೆಲ್ಲ ಕಣ್ಬಿಟ್ಟು'.
ಇಂದ್ರನಿಗೂ ಸಾವಿರ ಕಣ್ಣಲ್ಲವೇ ಅಂದರು
ಕಾರ್ಡು ಮಾಡಿಸಲು ಬಂದ ಕಾಲೇಜಿನ ಮೇಷ್ಟ್ರು.
ಇರಬಹುದು. ಈ ಕಣ್ಣು ಗೋಣಿಚೀಲದ್ದು, ಸ್ವಾಮಿ,
ಮಂಡಿಯ ಕತ್ತಲಲ್ಲಿ ತಾನಾಗಿ ಮೊಳೆತದ್ದು.

ಒಂದು ಶನಿವಾರ, ಹತ್ತೊಂಬತ್ತನೇ ಅಧ್ಯಾಯದ ಕೊನೆಗೆ ಬಂದ ಚೀಟಿ:

ಏಳು ಕಡಲಾಚೆಯಲಿ ಬೀಗ ಜಡಿದಿಹ ಕದವು,
ಕೇಳು, ಒಳಗಾರೊ ಕೆಮ್ಮುತಿಹರು;
ಬಾಳ ಹಿಡಿದಾತನೇ, ತಟ್ಟುವುದಕೂ ಮುನ್ನ
ಆಳಿದವ ಸತ್ತಿಲ್ಲ, ಆಳುತಿಹನು.

ಮೂರು ಸಾಲು ಜೋಡಿಸಿ ನಾನು ಕೈ ತೆಗೆದೆ.
"ಸಾರ್, ಳ ಮುಗಿದಿದೆ."
"ಮುಗಿದಿದೆಯಾ?"
"ಕೇಸೇ ಖಾಲಿ. ಬೇರೆ ಫಾರಂ ಬಿಚ್ಚುವವರೆಗೆ ಇಲ್ಲ."
ಗೌಡರು ಮೆಷಿನ್ನಿನ ಸದ್ದು ಕೇಳುತ್ತ ಸುಮ್ಮನೆ ನಿಂತರು.
ಪ್ರಾಸ ತಪ್ಪಿಸಿದವರಲ್ಲ ಅವರು,
ಸಾಲದ ಕಂತು ತಪ್ಪಿಸಿದ್ದುಂಟು.
ಆಮೇಲೆ ಪೆನ್ಸಿಲು ಕೇಳಿ, ಗೀಚಿ, ಬರೆದರು:

ನಿನ್ನದೇ ಕೆಮ್ಮಲ್ಲವೇ ಎಂದು ನೋಡು.

ಓದಿದಿರಾ?
ಕತ್ತಲಲ್ಲಿ ಮೆಟ್ಟಿಲಿಳಿಯುವಾಗ
ಇದೆ ಅಂದುಕೊಂಡ ಕೊನೆಯ ಮೆಟ್ಟಿಲು ಇಲ್ಲದೆ
ಕಾಲು ಧಸಕ್ಕನೆ ನೆಲಕ್ಕೆ ತಾಗುತ್ತದಲ್ಲ,
ಹಾಗೆ. ಪ್ರಾಸವಿಲ್ಲ. ಎದೆ ಒಮ್ಮೆ ನಿಂತು ಹೊರಡುತ್ತದೆ.
ಅವತ್ತು ಶಾಂತಿಗ್ರಾಮದ ಬಸ್ಸಲ್ಲಿ ಕೂತು
ದಾರಿಯುದ್ದಕ್ಕೂ ಪಕ್ಕದವರ ಕೆಮ್ಮು ಕೇಳಿಸಿಕೊಂಡೆ.

ಗೌಡರು ಹೋಗಿ ಮೂವತ್ತು ವರ್ಷ.
ಪದ್ಯಗಳನ್ನೆಲ್ಲ ನಾನೇ ಬಿಚ್ಚಿ ಕೇಸಿಗೆ ಹಾಕಿದ್ದೇನೆ,
ಅವೇ ಮೊಳೆಗಳು ಮದುವೆ ಕಾರ್ಡಾಗಿ, ತಿಥಿ ಕಾರ್ಡಾಗಿ,
ಮುಷ್ಕರದ ಕರಪತ್ರವಾಗಿ ಹೋದವು.
ಪ್ರೆಸ್ಸು ಮುಚ್ಚಿದಾಗ ಸೀಸವನ್ನು ಕೆಜಿ ಲೆಕ್ಕಕ್ಕೆ ತೂಗಿದರು;
ಮುಳ್ಳು ಸರಿ ನಿಂತಿದೆಯೇ ಎಂದು
ನೋಡಬೇಕಾದವರು ಅಲ್ಲಿರಲಿಲ್ಲ.

ಮೊನ್ನೆ ಕಟ್ಟಿನಕೆರೆ ಮಾರ್ಕೆಟ್ಟಿನ ರದ್ದಿಯಲ್ಲಿ ಸಿಕ್ಕಿತು,
ರಕ್ಷಾಪುಟವಿಲ್ಲ, ಹತ್ತೊಂಬತ್ತನೇ ಅಧ್ಯಾಯ ಇದೆ.
ಮೊಮ್ಮಗಳು ಓದಿ ಕೇಳಿದಳು: ಅಜ್ಜಿ,
ಕೊನೇ ಸಾಲು ಬೇಕಂತಲೇ ಹೀಗೆ ಮಾಡಿದ್ದಾ?

ಏನು ಹೇಳಲಿ. ಆರೂವರೆಯ ಬಸ್ಸಿನ ಆತುರವಿತ್ತು,
ಅದೂ ಹೌದು. ಆ ಸಾಲು ನನಗೆ ಹಿಡಿಸಿರಲಿಲ್ಲ,
ಹೇಳುವ ಧೈರ್ಯ ನನ್ನ ಸಂಬಳದಲ್ಲಿರಲಿಲ್ಲ.
ಸುಳ್ಳು ಅಂತ ಜೋಡಿಸಲು
ಒಂದು ಳ ಬೇಕು, ಕಾಲಿಗೊಂದು ಒತ್ತು.
ಎರಡೂ ಇದ್ದವು ಕೇಸಿನಲ್ಲಿ.